ಮನೆ ಬಿದ್ದ ರಾತ್ರಿಯಿಂದ ಹೊಸ ಮನೆಯ ಬಾಗಿಲವರೆಗೆ

ಪುಲಿಕೇಶಿನಗರದ ಸ್ಟೀಫನ್ಸ್ ರಸ್ತೆಯಲ್ಲಿ ದಿನವೂ ಓಡಾಡುವ ಎಷ್ಟೋ ಜನರಿಗೆ ಆ ಹೆಸರಿನ ಹಿಂದೆ ಒಂದು ಪಿಡುಗು ಇದೆಯೆಂದು ಗೊತ್ತಿರಲಿಕ್ಕಿಲ್ಲ. 1898ರ ಆಗಸ್ಟ್‌ನಲ್ಲಿ ರೈಲು ಹಾದಿ ಹಿಡಿದು ಪ್ಲೇಗು ಬೆಂಗಳೂರಿಗೆ ಬಂತು. ಪೇಟೆಯನ್ನೂ ದಂಡನ್ನೂ ಹಿಡಿಯಿತು. ಆಗ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರದ ಗಾಳಿ ಬೆಳಕಿಲ್ಲದ ಗಲ್ಲಿಗಳಲ್ಲಿ ಅದು ಬೇರೂರಿತು. ಸಂಸ್ಥಾನದ ಕಡೆ ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಮತ್ತು ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ದಂಡು ಪ್ರದೇಶ ಬ್ರಿಟಿಷರ ಕೈಯಲ್ಲಿತ್ತು. ಸೋಂಕು ತಗುಲಿದ ಮನೆಗಳನ್ನು ಖಾಲಿ ಮಾಡಿಸಿ, ಜನರನ್ನು ಊರ ಹೊರಗಿನ ಬಯಲಿನ ಶೆಡ್ಡುಗಳಿಗೆ ಕಳಿಸುವುದೇ ಎರಡೂ ಕಡೆಯ ದಾರಿಯಾಯಿತು. ಹಳ್ಳಿಗಳಲ್ಲಿ ಜನ ತಾವೇ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಭೈರಪ್ಪನವರ 'ಗೃಹಭಂಗ' ಓದಿದವರಿಗೆ ಆ ಬದುಕಿನ ಪರಿಚಯವಿರುತ್ತದೆ.

ಇಲಿ ನುಗ್ಗದಂಥ, ಗಾಳಿ ಬೆಳಕು ಧಾರಾಳವಾಗಿರುವ ಮನೆಗಳ ಹೊಸ ಬಡಾವಣೆಯೊಂದು ದಂಡಿನ ಉತ್ತರಕ್ಕೆ ಎದ್ದಿದ್ದು ಆಮೇಲೆ. ಅದಕ್ಕೆ ರೂಪ ಕೊಟ್ಟವರು ದಂಡಿನ ಮುನಿಸಿಪಾಲಿಟಿಯಲ್ಲಿದ್ದ ಜೆ.ಎಚ್. ಸ್ಟೀಫನ್ಸ್. ಪ್ಲೇಗು ತಡೆಯುವ ನಗರ ಯೋಜನೆಯ ಬಗ್ಗೆ ಅವರು 1914ರಲ್ಲಿ ಪುಸ್ತಕವನ್ನೂ ಬರೆದರು. ಮೈಸೂರಿನ ರೆಸಿಡೆಂಟ್ ಆಗಿದ್ದ ಸ್ಟುವರ್ಟ್ ಫ್ರೇಜರ್ ಹೆಸರಿನಿಂದ ಅದು ಫ್ರೇಜರ್ ಟೌನ್ ಆಯಿತು, ಇಂದು ಪುಲಿಕೇಶಿನಗರ.

ಪ್ಲೇಗು ಬಂದದ್ದು 1898. ಫ್ರೇಜರ್ ಟೌನ್ ಬಡಾವಣೆಯಾಗಿ ನೆಲೆ ನಿಂತದ್ದು 1910ರ ಹೊತ್ತಿಗೆ. ನಡುವಿನ 12 ವರ್ಷ, ಮನೆ ಕಳೆದುಕೊಂಡವರು ಎಲ್ಲಿದ್ದರು, ಹೇಗಿದ್ದರು? ಚರಿತ್ರೆಯ ಪುಸ್ತಕಗಳು ಪ್ಲೇಗನ್ನು ಹೇಳುತ್ತವೆ, ಬಡಾವಣೆಯನ್ನು ಹೇಳುತ್ತವೆ, ನಡುವಿನದನ್ನು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ಇವತ್ತಿಗೂ ನಮ್ಮ ಪರಿಹಾರ ವ್ಯವಸ್ಥೆಯ ದೊಡ್ಡ ಕೊರತೆ ಇದೇ. ಮೊದಲ ವಾರ ಊಟ ಕೊಡುವವರು ಸಿಗುತ್ತಾರೆ. ಕೊನೆಗೊಂದು ದಿನ ಕೀಲಿಕೈ ಹಸ್ತಾಂತರದ ಸಮಾರಂಭವೂ ನಡೆಯುತ್ತದೆ. ಎರಡರ ಮಧ್ಯದ ತಿಂಗಳುಗಳಿಗೆ ಯಾರೂ ಹೊಣೆಯಲ್ಲ. ಈ ಲೇಖನ ಆ ನಡುಗಾಲದ ಸೂರಿನ ಬಗ್ಗೆ: ಅದು ಹೇಗಿರಬೇಕು, ಕಾನೂನಿನಲ್ಲಿ ಏನಿದೆ, ನಾವು ಏನನ್ನು ಕೇಳಿ ಪಡೆಯಬೇಕು, ಏನನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬೇಕು.

ನಮಗೇಕೆ ಇದೆಲ್ಲ ಎನ್ನುವವರಿಗೆ ನೆನಪಿಸಬೇಕಾದ್ದು ಹೆಚ್ಚಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರದ ಕಡೆ ವಿಲ್ಲಾಗಳಿಂದಲೇ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರತರಬೇಕಾಯಿತು. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಒಂಬತ್ತು ಮಂದಿ ತೀರಿಕೊಂಡರು. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ನೀರಿನಲ್ಲಿ ನಿಂತಿತು. ಇವೆಲ್ಲ ಪುಲಿಕೇಶಿನಗರದಿಂದ ಬಹಳ ದೂರವೇನಲ್ಲ. ನಮ್ಮಲ್ಲಿ ಟ್ಯಾನರಿ ರಸ್ತೆಯ ಆಚೀಚೆ, ಡಿ.ಜೆ. ಹಳ್ಳಿಯ ಕಡೆ ಹತ್ತು ಅಡಿ ಅಗಲದ ಸೈಟಿನಲ್ಲಿ ಮೂರು ನಾಲ್ಕು ಅಂತಸ್ತು ಎದ್ದಿವೆ. ಹಳೇ ಮಣ್ಣಿನ ಗೋಡೆಯ ಮನೆಗಳೂ ಅವುಗಳ ಮಗ್ಗುಲಲ್ಲೇ ಇವೆ. ಒಂದು ಸಿಲಿಂಡರ್ ಸಿಡಿದರೆ, ಜಡಿಮಳೆಗೆ ಒಂದು ಗೋಡೆ ನೆನೆದು ಕೂತರೆ, ಇಪ್ಪತ್ತು ಮೂವತ್ತು ಕುಟುಂಬ ಒಂದೇ ರಾತ್ರಿಯಲ್ಲಿ ಬೀದಿಗೆ ಬರುತ್ತವೆ.

ಮೊದಲ ರಾತ್ರಿಗಳು

ನೆರೆ ಬಂದಾಗ ಹಿಂದೆ ಗಂಜಿ ಕೇಂದ್ರ ಎನ್ನುತ್ತಿದ್ದರು, ಈಗ ಸರ್ಕಾರಿ ಕಾಗದಗಳಲ್ಲಿ ಕಾಳಜಿ ಕೇಂದ್ರ. ಸಾಮಾನ್ಯವಾಗಿ ಶಾಲೆ, ಸಮುದಾಯ ಭವನ, ಕಲ್ಯಾಣ ಮಂಟಪ, ನಮ್ಮ ಕಡೆ ಶಾದಿಮಹಲ್, ಚರ್ಚಿನ ಹಾಲು. ಇಲ್ಲಿ ಏನಿರಬೇಕು ಎಂಬುದು ಅಧಿಕಾರಿಯ ಮರ್ಜಿಗೆ ಬಿಟ್ಟ ವಿಷಯವಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಂ ಪ್ರಕಾರ ವಸತಿ, ಊಟ, ಕುಡಿಯುವ ನೀರು, ವೈದ್ಯಕೀಯ ನೆರವು, ಶೌಚ ವ್ಯವಸ್ಥೆಗಳಿಗೆ ಕನಿಷ್ಠ ಮಟ್ಟವನ್ನು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಗೊತ್ತುಮಾಡಲೇಬೇಕು. 2021ರ ಜೂನ್ 30ರಂದು ಸುಪ್ರೀಂ ಕೋರ್ಟ್, ಕೋವಿಡ್ ಸಾವಿನ ಪರಿಹಾರದ ಪ್ರಕರಣದಲ್ಲಿ, ಈ ಕಲಂ ಪ್ರಾಧಿಕಾರದ ಮೇಲಿನ ಕಡ್ಡಾಯ ಹೊಣೆ ಎಂದು ಹೇಳಿತು. 19ನೇ ಕಲಂ ಪ್ರಕಾರ ರಾಜ್ಯಗಳು ಇದಕ್ಕಿಂತ ಹೆಚ್ಚು ಕೊಡಬಹುದು, ಕಡಿಮೆ ಕೊಡುವಂತಿಲ್ಲ.

ಪ್ರಾಧಿಕಾರ 2016ರಲ್ಲಿ ಗೊತ್ತುಮಾಡಿದ ಅಳತೆಗಳನ್ನು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ. ತಲೆಗೆ 3.5 ಚದರ ಮೀಟರ್ ಜಾಗ. ದಿನಕ್ಕೆ ತಲೆಗೆ 3 ಲೀಟರ್ ಕುಡಿಯುವ ನೀರು, ಶೌಚ ಸ್ನಾನಕ್ಕೆ 15 ಲೀಟರ್. 30 ಜನಕ್ಕೆ ಒಂದು ಶೌಚಾಲಯ, ಅದು 50 ಮೀಟರ್‌ಗಿಂತ ದೂರ ಇರಬಾರದು, ಹೆಂಗಸರಿಗೂ ಮಕ್ಕಳಿಗೂ ಶೌಚ ಸ್ನಾನದ ಜಾಗ ಬೇರೆ. ದೊಡ್ಡವರಿಗೆ 2,400, ಮಕ್ಕಳಿಗೆ 1,700 ಕಿಲೋ ಕ್ಯಾಲೊರಿಯಷ್ಟು ಊಟ. ವಿಪತ್ತಿನಿಂದ ವಿಧವೆಯರಾದವರ, ಅನಾಥರಾದ ಮಕ್ಕಳ ಹೆಸರಿಗೆ ಪ್ರತ್ಯೇಕ ರಿಜಿಸ್ಟರ್ ಇಟ್ಟು, 15 ದಿನದೊಳಗೆ ಪ್ರಮಾಣಪತ್ರ. ಜಗತ್ತಿನ ಪರಿಹಾರ ಸಂಸ್ಥೆಗಳು ಪಾಲಿಸುವ ಸ್ಫಿಯರ್ ಎಂಬ ಮಾನದಂಡ ಶೌಚಾಲಯದ ವಿಷಯದಲ್ಲಿ ಇನ್ನೂ ಬಿಗಿ: 20 ಜನಕ್ಕೆ ಒಂದು, ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರು. ಈ ವಿಷಯದಲ್ಲಿ ನನ್ನ ಮತ ಸ್ಫಿಯರ್ ಕಡೆಗೇ.

ಇದನ್ನು ನಮ್ಮ ಒಂದು ಹಾಲಿಗೆ ಅನ್ವಯಿಸಿ ನೋಡಿ. 60 ಅಡಿ ಉದ್ದ, 40 ಅಡಿ ಅಗಲದ ಮದುವೆ ಹಾಲು ಅಂದರೆ 2,400 ಚದರ ಅಡಿ, ಸುಮಾರು 223 ಚದರ ಮೀಟರ್. ಕುರ್ಚಿ ಹಾಕಿದರೆ ಇನ್ನೂರು ಮುನ್ನೂರು ಜನ ಕೂರುತ್ತಾರೆ. ಮಲಗಿ ಬದುಕಲು ಜಾಗವಿರುವುದು 63 ಮಂದಿಗೆ ಮಾತ್ರ. ಅವರಿಗೆ ಸರ್ಕಾರದ ಲೆಕ್ಕದಲ್ಲಿ ಮೂರು, ಸ್ಫಿಯರ್ ಲೆಕ್ಕದಲ್ಲಿ ನಾಲ್ಕು ಶೌಚಾಲಯ ಬೇಕು, ದಿನಕ್ಕೆ 1,134 ಲೀಟರ್ ನೀರು ಬೇಕು. 6,000 ಲೀಟರಿನ ಒಂದು ಟ್ಯಾಂಕರ್ ಐದು ದಿನಕ್ಕೆ ಬರುತ್ತದೆ. ಈ ಲೆಕ್ಕ ಗೊತ್ತಿದ್ದರೆ, 'ಅದೇ ಹಾಲಿಗೆ ಇನ್ನೂರು ಜನರನ್ನು ಕಳಿಸಿ' ಎಂದು ಮೇಲಿನಿಂದ ಫೋನ್ ಬಂದಾಗ ಅಲ್ಲಿರುವ ಸ್ವಯಂಸೇವಕರು ಇನ್ನೊಂದು ಹಾಲು ತೆರೆಸಿ ಎಂದು ಧೈರ್ಯವಾಗಿ ಹೇಳಬಹುದು.

ಹಾಲಿನೊಳಗೆ ಹಗ್ಗ ಕಟ್ಟಿ ಹಳೇ ಸೀರೆ, ಬೆಡ್‌ಶೀಟು ಇಳಿಬಿಟ್ಟಾದರೂ ಕುಟುಂಬಕ್ಕೊಂದು ಮರೆ ಮಾಡಬೇಕು. ಹಾಲೂಡಿಸುವ ತಾಯಂದಿರಿಗೆ, ಮುಟ್ಟಾದವರಿಗೆ, ಹಾಸಿಗೆ ಹಿಡಿದ ಹಿರಿಯರಿಗೆ ಆ ಮರೆ ಊಟದಷ್ಟೇ ಮುಖ್ಯ. ಶೌಚಾಲಯದ ದಾರಿಯಲ್ಲಿ ರಾತ್ರಿಯಿಡೀ ದೀಪ ಉರಿಯಬೇಕು, ಬಾಗಿಲಿಗೆ ಒಳಗಿನಿಂದ ಚಿಲಕ ಇರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ತಪ್ಪಿದವರನ್ನು ಮೊದಲ ದಿನವೇ ಪಟ್ಟಿ ಮಾಡಬೇಕು. ಅಡುಗೆಯನ್ನು ಸಾಧ್ಯವಾದಷ್ಟು ಬೇಗ ಅಲ್ಲಿರುವವರ ಕೈಗೇ ಒಪ್ಪಿಸುವುದು ಒಳ್ಳೆಯದು. ಮೂರು ಹೊತ್ತು ಪಲಾವು ಪೊಟ್ಟಣ ತಿಂದು ಮಕ್ಕಳ ಹೊಟ್ಟೆ ಕೆಡುವುದನ್ನು ಕಂಡವರಿಗೆ ಒಂದು ಪಾತ್ರೆ ಬಿಸಿ ಅನ್ನ ಸಾರಿನ ಬೆಲೆ ಗೊತ್ತು.

ಶಾಲೆಯಲ್ಲಿ ಕೇಂದ್ರ ತೆರೆದರೆ ಒಂದು ತೊಡಕಿದೆ. ಹತ್ತು ಹದಿನೈದು ದಿನದಲ್ಲಿ ತರಗತಿ ಶುರುವಾಗಬೇಕು, ಜನ ಜಾಗ ಬಿಡಬೇಕು. ಎಲ್ಲಿಗೆ? ನಿಜವಾದ ಕಷ್ಟ ಅಲ್ಲಿಂದ ಆರಂಭ.

ನಡುಗಾಲ ಎಷ್ಟು ಉದ್ದ

2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಸುತ್ತ ಗುಡ್ಡ ಕುಸಿದು ನೂರಾರು ಕುಟುಂಬಗಳು ಮನೆ ಕಳೆದುಕೊಂಡವು. ಸರ್ಕಾರ ಎರಡು ಕೋಣೆಯ ಮನೆಗಳನ್ನು, ಒಂದಕ್ಕೆ 9.85 ಲಕ್ಷ ರೂಪಾಯಿಯಂತೆ, ಕಟ್ಟಿಸಲು ಹೊರಟಿತು. ಮನೆ ಆಗುವವರೆಗೆ ತಿಂಗಳಿಗೆ 10 ಸಾವಿರ ಬಾಡಿಗೆ ನೆರವು ಎಂದು ಗೊತ್ತುಮಾಡಿತು. ಮಾದಾಪುರದ ಬಳಿ ಜಂಬೂರಿನಲ್ಲಿ ಮನೆಗಳ ಹಸ್ತಾಂತರ ನಡೆದದ್ದು 2020ರ ಜೂನ್‌ನಲ್ಲಿ. ಅಂದರೆ ಒಂದು ವರ್ಷ ಹತ್ತು ತಿಂಗಳು.

ವಯನಾಡಿನ ಮುಂಡಕೈ, ಚೂರಲ್‌ಮಲದಲ್ಲಿ 2024ರ ಜುಲೈ 30ರ ಬೆಳಗಿನ ಜಾವ ಗುಡ್ಡ ಇಳಿದಾಗ ನಮ್ಮ ಚಾಮರಾಜನಗರ, ಮಂಡ್ಯದ ಕಡೆಯಿಂದ ಹೋದವರೂ ಜೀವ ಕಳೆದುಕೊಂಡರು. ಅಲ್ಲಿ ಕೇರಳ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಶಿಬಿರಗಳಲ್ಲಿದ್ದವರನ್ನು ಬಾಡಿಗೆ ಮನೆ, ಸರ್ಕಾರಿ ಕ್ವಾರ್ಟರ್ಸ್‌ಗಳಿಗೆ ಸೇರಿಸಿತು. ತಿಂಗಳಿಗೆ 6,000 ರೂಪಾಯಿ ಬಾಡಿಗೆ ಕೊಟ್ಟಿತು, ಕೂಲಿ ಕಳೆದುಕೊಂಡವರಿಗೆ ದಿನಕ್ಕೆ 300 ರೂಪಾಯಿ ಭತ್ಯೆ ಕೊಟ್ಟಿತು. ಇಷ್ಟು ಚುರುಕಾಗಿ ಶುರುವಾದರೂ ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಹೊಸ ಟೌನ್‌ಶಿಪ್ಪಿಗೆ ಅಡಿಗಲ್ಲು ಬಿದ್ದದ್ದು 2025ರ ಮಾರ್ಚ್ 27ರಂದು. ಅಡಿಗಲ್ಲಿಗೇ ಎಂಟು ತಿಂಗಳು. ಜಾಗದ ತಕರಾರು, ಕೋರ್ಟು, ಫಲಾನುಭವಿಗಳ ಪಟ್ಟಿ ಎಲ್ಲವೂ ಸಮಯ ತಿನ್ನುತ್ತವೆ.

ಆದ್ದರಿಂದ 'ಮೂರು ತಿಂಗಳಲ್ಲಿ ಮನೆ' ಎಂಬ ಮಾತನ್ನು ಯಾರು ಕೊಟ್ಟರೂ, ನಡುಗಾಲವನ್ನು ಎರಡು ವರ್ಷಕ್ಕೇ ಲೆಕ್ಕ ಹಾಕಬೇಕು. ಎರಡು ಮಳೆಗಾಲ, ಎರಡು ಬೇಸಿಗೆ, ಮಕ್ಕಳ ಎರಡು ಶಾಲಾ ವರ್ಷ. ಹಾಗೆ ಲೆಕ್ಕ ಹಾಕಿದರೆ ಟಾರ್ಪಾಲಿನ ಟೆಂಟು ಸಾಲದು, ಬಾಡಿಗೆ ನೆರವನ್ನು ಮೂರು ತಿಂಗಳಿಗೆ ಮಂಜೂರು ಮಾಡಿದರೆ ಸಾಲದು ಎಂಬುದು ತಾನಾಗಿ ತಿಳಿಯುತ್ತದೆ.

ಎಲ್ಲಿಗೆ ಹೋಗುತ್ತಾರೆ ಜನ

ನಿರಾಶ್ರಿತರ ವಸತಿಯ ಬಗ್ಗೆ ವಿಶ್ವಸಂಸ್ಥೆಯ ವಿಪತ್ತು ಪರಿಹಾರ ಕಚೇರಿ 1982ರಲ್ಲಿ ಒಂದು ಮಾರ್ಗಸೂಚಿ ಹೊರತಂದಿತು. ಮನೆ ಕಳೆದುಕೊಂಡವರೇ ಮನೆ ಕಟ್ಟುವುದರ ಮುಖ್ಯ ಶಕ್ತಿ ಎಂಬುದು ಅದರ ತಿರುಳು. 2005ರಲ್ಲಿ ಟಾಮ್ ಕಾರ್ಸೆಲಿಸ್ ಮತ್ತು ಆಂಟೊನೆಲ್ಲಾ ವಿಟಾಲೆ ಸಂಪಾದಿಸಿ ಆಕ್ಸ್‌ಫ್ಯಾಮ್ ಪ್ರಕಟಿಸಿದ ಕೈಪಿಡಿ, ಸ್ಥಳಾಂತರಗೊಂಡವರು ಹೋಗುವ ದಾರಿಗಳನ್ನು ಆರಾಗಿ ವಿಂಗಡಿಸಿತು. ಅದರಲ್ಲಿ ಸರ್ಕಾರ ಕಟ್ಟಿದ ಶಿಬಿರ ಒಂದು ಮಾತ್ರ. ಉಳಿದಂತೆ ಜನ ನೆಂಟರ ಮನೆ ಸೇರುತ್ತಾರೆ, ನಗರದಲ್ಲೋ ಹಳ್ಳಿಯಲ್ಲೋ ತಾವೇ ಜಾಗ ಹುಡುಕಿಕೊಳ್ಳುತ್ತಾರೆ, ಖಾಲಿ ಕಟ್ಟಡ ಸೇರುತ್ತಾರೆ, ಗುಂಪಾಗಿ ಗುಡಿಸಲು ಹಾಕುತ್ತಾರೆ.

ನಮ್ಮಲ್ಲಿ ಬಹಳ ಮಂದಿ ಹೋಗುವುದು ನೆಂಟರ ಮನೆಗೇ. ಅಣ್ಣನ ಮನೆ ಕಾಕ್ಸ್ ಟೌನಿನಲ್ಲಿ, ಅತ್ತೆಯ ಮನೆ ಹಲಸೂರಿನಲ್ಲಿ. ಅಲ್ಲೊಂದು ಕೋಣೆಯಲ್ಲಿ ಎಂಟು ಜನ ಹತ್ತು ಜನ ಆಗುತ್ತಾರೆ. ತೊಂದರೆ ಏನೆಂದರೆ, ಕಾಳಜಿ ಕೇಂದ್ರದಲ್ಲಿ ಇಲ್ಲದವರು ಎಷ್ಟೋ ಸಲ ಪಟ್ಟಿಯಲ್ಲೂ ಇರುವುದಿಲ್ಲ. ನೆಂಟರ ಮನೆಗೆ ಹೋಗುವ ಮುನ್ನ ಕೇಂದ್ರಕ್ಕೆ ಹೋಗಿ ಹೆಸರು, ಕುಟುಂಬದ ಸಂಖ್ಯೆ, ಬಿದ್ದ ಮನೆಯ ವಿಳಾಸ, ಈಗ ಇರುವ ಜಾಗ ಬರೆಸಿ, ಬರೆಸಿದ ಪುಟದ ಫೋಟೊ ತೆಗೆದುಕೊಳ್ಳಿ. ಇದೊಂದು ಕೆಲಸ ಮಾಡದೆ ಪರಿಹಾರ ತಪ್ಪಿಸಿಕೊಂಡವರು ಬಹಳ. ಜಾಗ ಕೊಟ್ಟ ನೆಂಟರಿಗೂ ಪಡಿತರ, ನೀರಿನ ನೆರವು ಸಿಗಬೇಕೆಂಬುದು ಆ ಕೈಪಿಡಿಗಳೆಲ್ಲ ಒತ್ತಿ ಹೇಳುವ ಮಾತು. ನಮ್ಮಲ್ಲಿ ಅದಿನ್ನೂ ಯಾರ ಮನಸ್ಸಿಗೂ ಬಂದಂತಿಲ್ಲ.

ಎರಡನೆಯದು ಬಾಡಿಗೆ. ಬಯಲೇ ಇಲ್ಲದ ಪುಲಿಕೇಶಿನಗರದಂಥ ಕಡೆ ಶೆಡ್ಡಿಗಿಂತ ಬಾಡಿಗೆ ನೆರವೇ ಸರಿಯಾದ ದಾರಿ ಎಂದು ನನಗೆ ಅನಿಸುತ್ತದೆ. ಆದರೆ ಇಲ್ಲೊಂದು ಬೆಂಗಳೂರಿನ ಸತ್ಯವಿದೆ. ಬಾಡಿಗೆಗಿಂತ ದೊಡ್ಡ ಗೋಡೆ ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ರೂಢಿ ಇಲ್ಲಿನದು. ತಿಂಗಳಿಗೆ 10 ಸಾವಿರ ನೆರವು ಬಂದರೂ, ಪಾತ್ರೆ ಬಟ್ಟೆ ಎಲ್ಲ ಕಳೆದುಕೊಂಡ ಕುಟುಂಬ ಲಕ್ಷ ರೂಪಾಯಿ ಅಡ್ವಾನ್ಸ್ ಎಲ್ಲಿಂದ ತಂದೀತು? ಪಾಲಿಕೆ ಅಥವಾ ಜಿಲ್ಲಾಡಳಿತವೇ ಮನೆ ಮಾಲೀಕರೊಂದಿಗೆ ಕರಾರು ಮಾಡಿಕೊಂಡು ಮುಂಗಡದ ಹೊಣೆ ಹೊರುವಂತೆ ನಿಯಮ ಬರಬೇಕು. ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳಿ, ಊಟ ಕೇಳಿ ಬಾಗಿಲು ಹಾಕುವವರ ಸಮಸ್ಯೆಯೂ ಇದೇ ದಾರಿಯಲ್ಲಿ ಸ್ವಲ್ಪ ಸಡಿಲವಾದೀತು. ವಿಪತ್ತು ಕಾಯ್ದೆಯ 61ನೇ ಕಲಂ ಪರಿಹಾರ ಕೊಡುವಾಗ ಲಿಂಗ, ಜಾತಿ, ಸಮುದಾಯ, ಧರ್ಮದ ಭೇದ ಮಾಡಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ.

ಭೋಗ್ಯಕ್ಕೆ ಇರುವವರದು ಇನ್ನೂ ಬಿಗಿಯಾದ ಕಷ್ಟ. ಜೀವಮಾನದ ಉಳಿತಾಯವನ್ನು, ಸಾಲದ ದುಡ್ಡನ್ನು ಮಾಲೀಕರ ಕೈಗೆ ಕೊಟ್ಟು ಮೂರು ವರ್ಷಕ್ಕೆ ಮನೆ ಸೇರಿರುತ್ತಾರೆ. ಮನೆ ಬಿದ್ದರೆ ಸೂರು ಹೋಯಿತು, ದುಡ್ಡು ಮಾಲೀಕರ ಬಳಿ ಸಿಕ್ಕಿಕೊಂಡಿತು. ಮಾಲೀಕರೂ ಮನೆ ಕಳೆದುಕೊಂಡಿರುತ್ತಾರೆ, ಕೊಡಲು ಅವರ ಬಳಿಯೂ ಇರುವುದಿಲ್ಲ. ಒಂದು ವರ್ಷ ಮೀರಿದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕೆಂಬುದು ಕಾನೂನು. ಖರ್ಚು ಉಳಿಸಲು ಬಿಳಿ ಹಾಳೆಯಲ್ಲಿ, ಬರೀ ಸ್ಟಾಂಪ್ ಪೇಪರಿನಲ್ಲಿ ಬರೆಸಿಕೊಳ್ಳುವವರೇ ಹೆಚ್ಚು. ದಯವಿಟ್ಟು ನೋಂದಾಯಿಸಿ, ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. 'ಕಟ್ಟಡ ವಾಸಕ್ಕೆ ಯೋಗ್ಯವಲ್ಲದಂತೆ ಆದರೆ ಇಷ್ಟು ದಿನದೊಳಗೆ ಹಣ ವಾಪಸ್' ಎಂಬ ಸಾಲು ಅದರಲ್ಲಿ ಇರಲಿ.

ದೂರ ಹಾಕಿದರೆ ಬಾಳುವುದಿಲ್ಲ

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕ ಮುಳುಗಿದ ಮೇಲೆ 'ಆಸರೆ' ಯೋಜನೆ ಬಂತು. ದಾನಿಗಳ ನೆರವಿನಿಂದ ಹೊಸ ಹಳ್ಳಿಗಳೇ ಎದ್ದವು. ಎಷ್ಟೋ ಮನೆಗಳಿಗೆ ಜನ ಹೋಗಲೇ ಇಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಕಾಳು ತುಂಬಿಡಲು ಎಡೆಯಿಲ್ಲ. 2004ರ ಸುನಾಮಿ ನಂತರ ಚೆನ್ನೈನ ಕಡಲ ತೀರದ ಕುಟುಂಬಗಳನ್ನು ಸೆಮ್ಮಂಚೇರಿಗೆ ಸಾಗಿಸಿದಾಗಲೂ ಆದದ್ದು ಇದೇ: ಸೂರು ಸಿಕ್ಕಿತು, ಕೆಲಸ ಹೋಯಿತು.

ಪುಲಿಕೇಶಿನಗರದ ಬದುಕೂ ನಡೆದು ಹೋಗುವ ದೂರದಲ್ಲೇ ಹೆಣೆದಿರುವಂಥದ್ದು. ಪಾಟರಿ ಟೌನಿನ ಕುಂಬಾರರಿಗೆ ಮಣ್ಣು ಕಲಸುವ ಅಂಗಳ, ಆವಿಗೆ, ಹಣತೆ ಒಣಗಿಸುವ ಬಿಸಿಲು ಬೇಕು. ಮನೆಯ ಮುಂದೆ ಹೊಲಿಗೆ ಯಂತ್ರ ಇಟ್ಟವರಿಗೆ ಗಿರಾಕಿ ಅದೇ ಗಲ್ಲಿಯವರು. ಮನೆಗೆಲಸಕ್ಕೆ ಹೋಗುವ ಅಕ್ಕಂದಿರು ಬೆಳಗ್ಗೆ ಆರಕ್ಕೆ ರಿಚರ್ಡ್ಸ್ ಟೌನಿನಲ್ಲಿ ಇರಬೇಕು. ಇವರನ್ನು 'ತಾತ್ಕಾಲಿಕವಾಗಿ' ನಗರದ ಅಂಚಿಗೆ, ಇಪ್ಪತ್ತೈದು ಕಿಲೋಮೀಟರ್ ಆಚೆಗೆ ಕಳಿಸಿದರೆ ತಿಂಗಳೊಪ್ಪತ್ತಿನಲ್ಲಿ ವಾಪಸ್ ಬಂದು ಫುಟ್‌ಪಾತಿನಲ್ಲಿ ಟಾರ್ಪಾಲ್ ಕಟ್ಟುತ್ತಾರೆ. ನಡುಗಾಲದ ಸೂರು ಎಲ್ಲಿ ಎಂಬ ಪ್ರಶ್ನೆಗೆ ನಾನು ಕೊಡುವ ಉತ್ತರ ಒಂದೇ: ಮಗು ಅದೇ ಶಾಲೆಗೆ, ತಾಯಿ ಅದೇ ಕೆಲಸಕ್ಕೆ ಹೋಗಲು ಆಗುವಷ್ಟು ಹತ್ತಿರ.

ಶೆಡ್ಡು ಹಾಕಲೇಬೇಕಾದರೆ

ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ. ಆಗ ಐದು ಜನರ ಕುಟುಂಬಕ್ಕೆ ತಲೆಗೆ 3.5 ಚದರ ಮೀಟರಿನ ಲೆಕ್ಕದಲ್ಲಿ 17.5 ಚದರ ಮೀಟರ್, ಅಂದರೆ 10 ಅಡಿಗೆ 19 ಅಡಿ ಬೇಕು. ಅಡುಗೆಯ ಜಾಗ ಇದರ ಹೊರಗೆ. ನೆಲವನ್ನು ಹಿಂದೆ ನೀರು ನಿಂತ ಗುರುತಿಗಿಂತ ಕನಿಷ್ಠ ಒಂದಡಿ ಎತ್ತರಿಸಿ, ಸುತ್ತ ಚರಂಡಿ ತೆಗೆಯಿರಿ. ರಾಜಕಾಲುವೆಯ ದಡದಲ್ಲಿ, ಹೈಟೆನ್ಷನ್ ತಂತಿಯ ಕೆಳಗೆ ಬೇಡವೇ ಬೇಡ. ಒಂದು ಶೆಡ್ಡಿಗೂ ಇನ್ನೊಂದಕ್ಕೂ ಎರಡು ಮೀಟರ್ ಅಂತರ ಬಿಡದಿದ್ದರೆ ಒಂದಕ್ಕೆ ಹಿಡಿದ ಬೆಂಕಿ ಎಲ್ಲವನ್ನೂ ತಿನ್ನುತ್ತದೆ.

ಬರೀ ತಗಡಿನ ಶೆಡ್ಡು ಏಪ್ರಿಲ್ ಮಧ್ಯಾಹ್ನ ಕಾದ ಬಾಣಲೆ. ಸುನಾಮಿ ನಂತರ ತಮಿಳುನಾಡಿನಲ್ಲಿ ಹಾಕಿದ ಟಾರು ಶೀಟಿನ ಶೆಡ್ಡುಗಳಲ್ಲಿ ಹಗಲು ಹೊತ್ತು ಕೂರಲಾರದೆ ಜನ ಹೊರಗೇ ಇರುತ್ತಿದ್ದರು. ತಗಡೇ ಗತಿ ಎಂದಾದರೆ ಒಳಗೆ ಬಿದಿರು ಚಾಪೆಯ ಅಟ್ಟಣೆ ಕೊಡಿ, ಮೇಲೆ ತೆಂಗಿನ ಗರಿ ಹೊದಿಸಿ, ಎದುರು ಬದುರು ಕಿಟಕಿ ಇಡಿ, ಸೂರಿನಂಚನ್ನು ಗೋಡೆಯಿಂದ ಎರಡಡಿ ಮುಂದೆ ಚಾಚಿ. ಸರ್ವೆ ಗಳ, ಬಿದಿರು ಬಳಸುವುದಾದರೆ ಮೂಲೆಗಳಿಗೆ ಅಡ್ಡ ಓರೆ ಕಟ್ಟು ಬೇಕೇಬೇಕು. ಮುಂಗಾರು ಪೂರ್ವದ ಗಾಳಿಗೆ ಅದಿಲ್ಲದ ಶೆಡ್ಡು ನಿಲ್ಲುವುದಿಲ್ಲ. ವಿದ್ಯುತ್ತಿಗೆ ಪ್ರತಿ ಶೆಡ್ಡಿಗೂ ಎಂಸಿಬಿ ಹಾಕಿಸಿ. ಬಾಗಿಲಿಗೆ ಒಳ ಚಿಲಕ, ಹೊರ ಬೀಗ ಎರಡೂ ಇರಲಿ. ಬೀಗ ಹಾಕಲಾಗದ ಶೆಡ್ಡಿನಿಂದ ಕೆಲಸಕ್ಕೆ ಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ, ಉಳಿದಿರುವ ನಾಲ್ಕು ಸಾಮಾನು ಕಾಯಲು ಒಬ್ಬರು ಮನೆಯಲ್ಲೇ ಕೂರಬೇಕಾಗುತ್ತದೆ.

2012ರಲ್ಲಿ ಶೆಲ್ಟರ್ ಸೆಂಟರ್ ಮುಂತಾದ ಸಂಸ್ಥೆಗಳು ಸೇರಿ ತಂದ ಮಾರ್ಗಸೂಚಿಯಲ್ಲಿ ನನಗೆ ತುಂಬ ಹಿಡಿಸಿದ ಒಂದು ವಿಚಾರವಿದೆ. ನಡುಗಾಲದ ಸೂರಿಗೆ ಹಾಕಿದ ಸಾಮಾನು ಕುಟುಂಬದ ಸ್ವತ್ತಾಗಬೇಕು. ಅದನ್ನು ಮುಂದೆ ಪಕ್ಕಾ ಮನೆಯ ಭಾಗವಾಗಿ ಬೆಳೆಸಲು, ಬಿಚ್ಚಿ ಬೇರೆ ಜಾಗಕ್ಕೆ ಒಯ್ಯಲು, ಅಂಗಡಿಯೋ ಕೊಟ್ಟಿಗೆಯೋ ಮಾಡಿಕೊಳ್ಳಲು, ಬೇಡವಾದರೆ ಮಾರಲು ಬರುವಂತಿರಬೇಕು. ಮೊಳೆ ಹೊಡೆದು ಬೆಸೆಯುವುದಕ್ಕಿಂತ ನಟ್ಟು ಬೋಲ್ಟು ಹಾಕಿದರೆ ಅಷ್ಟು ಸಾಧ್ಯ. 2019ರ ನೆರೆಯ ನಂತರ ನಮ್ಮ ಸರ್ಕಾರ ಶೆಡ್ಡನ್ನು ತಾವೇ ಹಾಕಿಕೊಳ್ಳುವವರಿಗೆ 50 ಸಾವಿರ ರೂಪಾಯಿ ಕೊಡುವ ದಾರಿ ತೆರೆದಿತ್ತು. ಗುತ್ತಿಗೆದಾರ ಸಾಲಾಗಿ ನಿಲ್ಲಿಸಿ ಹೋಗುವ ಶೆಡ್ಡಿಗಿಂತ ಇದು ಎಷ್ಟೋ ಮೇಲು. ಆಯ್ಕೆ ಕುಟುಂಬದ್ದಾಗುತ್ತದೆ, ಸಾಮಾನು ಅವರದ್ದಾಗುತ್ತದೆ.

ಕಾಗದ ಪತ್ರ

ಕೇಂದ್ರ ಸರ್ಕಾರ 2022ರಿಂದ 2026ರ ಮಾರ್ಚ್‌ವರೆಗಿನ ಅವಧಿಗೆ ಹಾಕಿದ ಮಾನದಂಡದಲ್ಲಿ, ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ, ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ಗುಡಿಸಲಿಗೆ 8,000 ರೂಪಾಯಿ ಗೊತ್ತುಮಾಡಿತ್ತು. ಬಟ್ಟೆಗೆ 2,500, ಪಾತ್ರೆಗೆ 2,500 ಪ್ರತ್ಯೇಕ. ರಾಜ್ಯ ಸರ್ಕಾರ ಇದರ ಮೇಲೆ ಸೇರಿಸುವುದುಂಟು. 2019ರಲ್ಲಿ ಪೂರ್ತಿ ಹೋದ ಮನೆಗೆ 5 ಲಕ್ಷದವರೆಗೆ ಕೊಡಲಾಯಿತು. ಅದು ತಳಪಾಯ, ಗೋಡೆ, ಚಾವಣಿ ಎಂದು ಕಂತುಕಂತಾಗಿ, ಕೆಲಸದ ಫೋಟೊ ಏರಿಸಿದ ಮೇಲೆ ಬರುವ ಹಣ.

ಇದರಲ್ಲಿ ಎರಡು ಸಂಗತಿ ಗಮನಿಸಿ. ಮನೆ ಹಾನಿಯ ಹಣ ಸಿಗಬೇಕಾದರೆ ಆ ಕಟ್ಟಡ ಅಧಿಕೃತ ಎಂದು ಸಕ್ಷಮ ಪ್ರಾಧಿಕಾರ ದೃಢೀಕರಿಸಬೇಕು. ಕೊಳಗೇರಿಯಲ್ಲಿ ಇರುವವರಿಗೆ ಇದು ದೊಡ್ಡ ಕತ್ತರಿ. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯಡಿ ನಿಮ್ಮ ಪ್ರದೇಶ ಘೋಷಿತವೇ ಎಂದು ಕೊಳಗೇರಿ ಅಭಿವೃದ್ಧಿ ಮಂಡಳಿಯಲ್ಲಿ ಈಗಲೇ ವಿಚಾರಿಸಿ, ಹಕ್ಕುಪತ್ರವೋ ಗುರುತಿನ ಚೀಟಿಯೋ ಪಡೆದುಕೊಳ್ಳಿ. ಎರಡನೆಯದು, ಮನೆಯ ಹಣ ಮಾಲೀಕರಿಗೆ ಸೇರಿದರೂ ಬಟ್ಟೆ ಪಾತ್ರೆಯ ಹಣ ಅಲ್ಲಿ ವಾಸವಿದ್ದ ಕುಟುಂಬದ್ದು. ಬಾಡಿಗೆದಾರರು 'ನಮಗೇನೂ ಬರುವುದಿಲ್ಲ' ಎಂದು ಸುಮ್ಮನಾಗಬಾರದು. ಬಾಡಿಗೆ ಕರಾರು, ಗ್ಯಾಸ್ ಪುಸ್ತಕ, ಬೆಸ್ಕಾಂ ಬಿಲ್ಲು, ಮಕ್ಕಳ ಶಾಲೆಯ ರಸೀದಿ, ಇವುಗಳಲ್ಲಿ ಯಾವುದಾದರೊಂದು ವಾಸಕ್ಕೆ ಸಾಕ್ಷಿ ಹೇಳುತ್ತದೆ.

ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ, ಕರಾರು ಪತ್ರಗಳ ಫೋಟೊ ತೆಗೆದು ಬೇರೆ ಊರಿನ ಒಬ್ಬ ನೆಂಟರ ಫೋನಿಗೆ ಕಳಿಸಿಡಿ. ನಿಮ್ಮ ಫೋನೂ ನೀರಿಗೆ ಹೋಗಬಹುದು. ಮನೆ ಬಿದ್ದಾಗ, ಅವಶೇಷ ತೆಗೆಯುವ ಮುನ್ನ ನಾಲ್ಕೂ ಕಡೆಯಿಂದ ಫೋಟೊ, ವಿಡಿಯೊ ಮಾಡಿ. ಕಂದಾಯ ಮತ್ತು ಪಾಲಿಕೆಯ ಸಿಬ್ಬಂದಿ ಮಹಜರು ಮಾಡಲು ಬಂದಾಗ ಹಾಜರಿರಿ, ಓದದೆ ಸಹಿ ಹಾಕಬೇಡಿ, ಪ್ರತಿ ಕೇಳಿ. 'ಭಾಗಶಃ' ಎಂಬ ಒಂದು ಮಾತಿಗೂ 'ಪೂರ್ಣ' ಎಂಬ ಮಾತಿಗೂ ಲಕ್ಷ ರೂಪಾಯಿಗೂ ಮೀರಿದ ಅಂತರವಿದೆ. ಒಪ್ಪಿಗೆಯಾಗದಿದ್ದರೆ ಅದೇ ವಾರ ತಹಶೀಲ್ದಾರರಿಗೆ, ಅಲ್ಲಿಂದ ಜಿಲ್ಲಾಧಿಕಾರಿಗೆ ಲಿಖಿತ ತಕರಾರು ಕೊಡಿ. ಇಲ್ಲದ ಹಾನಿ ತೋರಿಸುವುದು ಮಾತ್ರ ಬೇಡ, ವಿಪತ್ತು ಕಾಯ್ದೆಯ 52ನೇ ಕಲಂ ಪ್ರಕಾರ ಅದು ಶಿಕ್ಷಾರ್ಹ.

ವಾರ್ಡಿಗೊಂದು ಮಾರ್ಗಸೂಚಿ

ದೆಹಲಿಯಲ್ಲಿರುವ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2019ರಲ್ಲಿ ತಾತ್ಕಾಲಿಕ ವಸತಿಗೆಂದೇ ಪ್ರತ್ಯೇಕ ಮಾರ್ಗಸೂಚಿ ತಂದಿದೆ. ಆದರೆ ಟ್ಯಾನರಿ ರಸ್ತೆಯಲ್ಲಿ ಯಾವ ಹಾಲಿನ ಕೀಲಿ ಯಾರ ಬಳಿ ಇದೆ ಎಂಬುದನ್ನು ದೆಹಲಿಯ ಕಾಗದ ಹೇಳಲಾರದು. ಅದನ್ನು ನಾವೇ ಬರೆಯಬೇಕು, ಎರಡು ಮೂರು ಪುಟ ಸಾಕು. ಬರೆಯಲು ಕೂರುವಾಗ ನಿವಾಸಿಗಳ ಸಂಘದವರ ಜೊತೆ ಬಾಡಿಗೆದಾರರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಪೌರಕಾರ್ಮಿಕರು, ಮಸೀದಿ ಚರ್ಚು ದೇವಸ್ಥಾನಗಳ ಸಮಿತಿಯವರು, ಗಾಲಿಕುರ್ಚಿ ಬಳಸುವ ಒಬ್ಬರಾದರೂ ಇರಲಿ. ಆ ಕೊನೆಯವರು ಇಲ್ಲದೆ ಬರೆದ ಪಟ್ಟಿಯಲ್ಲಿ ಮೆಟ್ಟಿಲು ಹತ್ತಿ ಹೋಗುವ ಹಾಲುಗಳೇ ತುಂಬಿರುತ್ತವೆ.

ಅದರಲ್ಲಿ ಇರಬೇಕಾದ್ದು ಇಷ್ಟು: ಪ್ರತಿ ಹಾಲಿನ ಅಳತೆ, ಎಷ್ಟು ಜನ ಮಲಗಬಹುದು, ಶೌಚಾಲಯ ಎಷ್ಟು, ಸಂಪಿನಲ್ಲಿ ನೀರು ಎಷ್ಟು, ಜನರೇಟರ್ ಇದೆಯೇ, ಕೀಲಿ ಇಟ್ಟುಕೊಂಡ ಇಬ್ಬರು. ಮಳೆ ನೀರು ನಿಲ್ಲುವ ಗಲ್ಲಿಗಳು, ಬಿರುಕು ಬಿಟ್ಟ ಕಟ್ಟಡಗಳು. ಒಂಟಿ ಹಿರಿಯರು, ಗರ್ಭಿಣಿಯರು, ಡಯಾಲಿಸಿಸ್‌ಗೆ ಹೋಗುವವರು. ಖಾಲಿ ಬಿದ್ದಿರುವ, ಬಾಡಿಗೆಗೆ ಸಿಗುವ ಮನೆಗಳು. ಕಾಳಜಿ ಕೇಂದ್ರ ಮುಚ್ಚುವುದಕ್ಕೆ ಒಂದು ಷರತ್ತು: ಪ್ರತಿ ಕುಟುಂಬಕ್ಕೂ ಮುಂದಿನ ಸೂರು ಗೊತ್ತಾಗುವವರೆಗೆ ಯಾರನ್ನೂ ಕಳಿಸುವಂತಿಲ್ಲ. ನನ್ನ ಪ್ರಕಾರ ಇಡೀ ಕಾಗದದಲ್ಲಿ ಬಹಳ ಮುಖ್ಯವಾದದ್ದು ಈ ಕೊನೆಯ ಷರತ್ತೇ.

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ನಗರ ಪಾಲಿಕೆಗಳಿವೆ. ಅದೇ ವರ್ಷದ ವಿಪತ್ತು ಕಾಯ್ದೆ ತಿದ್ದುಪಡಿ, ರಾಜಧಾನಿ ನಗರಗಳಿಗೆ ಪಾಲಿಕೆ ಆಯುಕ್ತರ ಅಧ್ಯಕ್ಷತೆಯ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ರಾಜ್ಯಗಳಿಗೆ ಅಧಿಕಾರ ಕೊಟ್ಟಿದೆ. ನಿಯಮಗಳು ಹೊಸದಾಗಿ ರೂಪುಗೊಳ್ಳುವ ಈ ಹೊತ್ತಿನಲ್ಲೇ ಅಡ್ವಾನ್ಸಿನ ಹೊಣೆ, ಬಾಡಿಗೆದಾರರ ಹಕ್ಕು, ಎರಡು ವರ್ಷದ ನೆರವು, ಹತ್ತಿರದ ಜಾಗ, ಈ ನಾಲ್ಕನ್ನು ಅದರೊಳಗೆ ಸೇರಿಸುವಂತೆ ಒತ್ತಾಯಿಸಬೇಕು.

ಮುಂಗಾರಿಗೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮ ಪಾಲಿಕೆಯ ವಾರ್ಡ್ ಕಚೇರಿಗೆ ಹೋಗಿ. ನಮ್ಮ ವಾರ್ಡಿನ ಕಾಳಜಿ ಕೇಂದ್ರಗಳು ಯಾವುವು, ಕೇಂದ್ರ ಮುಚ್ಚಿದ ಮೇಲೆ ಜನರ ವಸತಿಗೆ ಏನು ಏರ್ಪಾಡು ಎಂದು ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ. ಅಪಾಯದ ಹೊತ್ತಿಗೆ ತುರ್ತು ಸಂಖ್ಯೆ 112, ಪಾಲಿಕೆಯ ಸಹಾಯವಾಣಿ 1533, ಜಿಲ್ಲಾ ನಿಯಂತ್ರಣ ಕೊಠಡಿ 1077.